ಹಸಿದ ಮೈ ಎಷ್ಟು ದೂರ ಓಡೀತು?

1988ರಲ್ಲಿ ಅಮೆರಿಕದ ಜಿಮ್ನಾಸ್ಟಿಕ್ಸ್ ಪಟು ಕ್ರಿಸ್ಟಿ ಹೆನ್ರಿಕ್ ಸ್ಪರ್ಧೆಯೊಂದಕ್ಕಾಗಿ ಹಂಗೇರಿಯ ಬುಡಾಪೆಸ್ಟ್‌ಗೆ ಹೋಗಿದ್ದಳು. ಒಲಿಂಪಿಕ್ಸ್ ತಂಡ ಸೇರಬೇಕಾದರೆ ತೂಕ ಇಳಿಸಬೇಕೆಂದು ಅಲ್ಲಿ ತೀರ್ಪುಗಾರರೊಬ್ಬರು ಆಕೆಗೆ ಹೇಳಿದರು. ಆಗ ಆಕೆಯ ಎತ್ತರ 147 ಸೆಂ.ಮೀ. ತೂಕವಾದರೋ 40 ಕೆ.ಜಿ.ಗಿಂತ ತುಸು ಹೆಚ್ಚು, ಅಷ್ಟೆ!

ಕ್ರಿಸ್ಟಿ ಊಟ ಕಡಿಮೆ ಮಾಡಿದಳು. ಮರುವರ್ಷದ ವಿಶ್ವ ಚಾಂಪಿಯನ್‌ಷಿಪ್‌ನ ಒಂದು ವಿಭಾಗದಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ಎಲ್ಲವೂ ಸರಿಯಾಗಿದೆ ಎಂದೇ ಕಂಡಿತು. ಆದರೆ 1991ರಲ್ಲಿ ನಿಶ್ಶಕ್ತಿಯಿಂದ ಕ್ರೀಡೆಯನ್ನೇ ಬಿಡಬೇಕಾಯಿತು. 1994ರ ಜುಲೈ 26ರಂದು ಅಂಗಾಂಗಗಳು ಒಂದೊಂದಾಗಿ ಸೋತು ಆಕೆ ತೀರಿಕೊಂಡಳು. ವಯಸ್ಸು ಕೇವಲ 22.

ಒಂದು ಮಾತಿನಿಂದಲೇ ಈ ಕಾಯಿಲೆ ಬರುವುದಿಲ್ಲ. ವಂಶವಾಹಿ, ಸ್ವಭಾವ, ಸ್ಪರ್ಧೆಯ ಒತ್ತಡ ಎಲ್ಲವೂ ಸೇರಿರುತ್ತವೆ. ಆದರೆ ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು.

ಲೆಕ್ಕ ತಪ್ಪುವುದೆಲ್ಲಿ?

ದೇಹದ ಶಕ್ತಿಯ ವ್ಯವಹಾರ ಮನೆಯ ಜಮಾಖರ್ಚಿನಂತೆಯೇ. ತಿಂದದ್ದರಲ್ಲಿ ವ್ಯಾಯಾಮದ ಖರ್ಚು ಕಳೆದು ಉಳಿದದ್ದರಲ್ಲಿ ಹೃದಯ, ಮಿದುಳು, ಮೂಳೆ, ರಕ್ತ ಎಲ್ಲವೂ ಬದುಕಬೇಕು. ಕೊಬ್ಬನ್ನು ಬಿಟ್ಟು ಉಳಿದ ದೇಹದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಕ್ಯಾಲೊರಿ ಉಳಿದರೆ ಒಳ್ಳೆಯದು ಎನ್ನುತ್ತಾರೆ ತಜ್ಞರು. 30ಕ್ಕಿಂತ ಕೆಳಗಿಳಿದರೆ ತೊಂದರೆಯ ಸಾಧ್ಯತೆ ಹೆಚ್ಚು.

ಕೊಬ್ಬು ಬಿಟ್ಟು 40 ಕೆ.ಜಿ. ಇರುವ ಓಟಗಾರ್ತಿಯೊಬ್ಬಳು 1500 ಕ್ಯಾಲೊರಿ ತಿಂದು, ಅಭ್ಯಾಸದಲ್ಲಿ 600 ಕಳೆಯುತ್ತಾಳೆ ಎನ್ನೋಣ. ಉಳಿದದ್ದು 900, ಕಿಲೋಗೆ 22.5 ಮಾತ್ರ! ಆಕೆಗೆ ಬೇಕಾದದ್ದು 2400ರಷ್ಟು ಆಹಾರ.

ಕೊರತೆ ಬಿದ್ದಾಗ ದೇಹ ಮೊದಲು ‘ತುರ್ತಲ್ಲದ’ ಖರ್ಚನ್ನು ನಿಲ್ಲಿಸುತ್ತದೆ. ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನು ಸಂದೇಶ ಕುಗ್ಗಿ ಮುಟ್ಟು ನಿಲ್ಲುತ್ತದೆ. ಈಸ್ಟ್ರೊಜೆನ್ ಇಳಿದಂತೆ ಮೂಳೆ ದುರ್ಬಲವಾಗಿ, ಓಡುವಾಗಲೇ ಸೀಳು ಬಿಡಬಹುದು. ಮೂಳೆ ಗಟ್ಟಿಯಾಗುವ ವಯಸ್ಸೇ ಹದಿಹರೆಯ; ಆಗ ತಪ್ಪಿದ ಗಳಿಕೆಯನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ.

ಇದು ಹುಡುಗಿಯರ ಸಮಸ್ಯೆಯಷ್ಟೇ ಅಲ್ಲ. ಹುಡುಗರಿಗೂ ಈ ಕೊರತೆ ತಟ್ಟುತ್ತದೆ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಸ್ಪಷ್ಟಪಡಿಸಿದರು. ಅವರಲ್ಲಿ ಟೆಸ್ಟೊಸ್ಟೆರಾನ್ ಇಳಿಯುತ್ತದೆ. ಕೆಲವು ಹುಡುಗರದು ಇನ್ನೊಂದು ಬಗೆ: ಮೈಕಟ್ಟು ಎಷ್ಟು ಬೆಳೆದರೂ ಕನ್ನಡಿಯಲ್ಲಿ ತಾನು ಸಣಕಲನೆಂದೇ ಕಾಣುತ್ತದೆ. ಜಿಮ್ ಒಂದು ದಿನ ತಪ್ಪಿದರೂ ತಳಮಳ.

ಮನೆಯವರು ಗಮನಿಸಬೇಕಾದದ್ದು

ಮಗಳು ‘ಹೊರಗೆ ತಿಂದು ಬಂದೆ’ ಎಂದು ಪದೇ ಪದೇ ಊಟ ತಪ್ಪಿಸುತ್ತಾಳೆಯೇ? ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆಯೇ? ಮಗ ನೋವಿದ್ದರೂ ವ್ಯಾಯಾಮ ಬಿಡುವುದಿಲ್ಲವೇ? ತಲೆಸುತ್ತು, ಸದಾ ಚಳಿ, ಮತ್ತೆ ಮತ್ತೆ ಮೂಳೆ ಪೆಟ್ಟು ಇವೆಲ್ಲ ಸೂಚನೆಗಳು. ಮೂರು ತಿಂಗಳು ಮುಟ್ಟು ಬಾರದಿದ್ದರೆ, ಅಥವಾ 15 ತುಂಬಿದರೂ ಆರಂಭವಾಗದಿದ್ದರೆ, ‘ಆಟ ಆಡುವವರಿಗೆ ಹೀಗೇ’ ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ತೂಕ ಸರಿಯಾಗಿಯೇ ಇದ್ದರೂ ಕೊರತೆ ಇರಬಹುದು ಎಂಬುದನ್ನು ಮರೆಯಬಾರದು.

ಬೈದು, ಬಲವಂತದಿಂದ ತಿನ್ನಿಸಿದರೆ ಫಲವಿಲ್ಲ. ವೈದ್ಯರು, ಆಹಾರತಜ್ಞರು, ಮನೋವೈದ್ಯರು ಮೂವರ ನೆರವೂ ಬೇಕಾಗಬಹುದು. ಬೇಗ ಚಿಕಿತ್ಸೆ ಆರಂಭಿಸಿದರೆ ಗುಣವಾಗುವ ಸಾಧ್ಯತೆಯೂ ಹೆಚ್ಚು.

ವಿದ್ಯಾರ್ಥಿಗಳು ತಿಳಿಯಬೇಕಾದದ್ದು ಇಷ್ಟೇ: ರಾಗಿ ಮುದ್ದೆ, ಬೇಳೆ ಸಾರು, ಮೊಸರು, ಶೇಂಗಾ, ಬಾಳೆಹಣ್ಣು ಇವು ಓಟದ ಶತ್ರುಗಳಲ್ಲ, ಓಟದ ಇಂಧನ. ಹಿರಿಯರು ತಿಳಿಯಬೇಕಾದದ್ದೂ ಇಷ್ಟೇ: ‘ಡುಮ್ಮಿ’, ‘ಕಡ್ಡಿ ಪೈಲ್ವಾನ್’ ಎಂಬ ತಮಾಷೆ ಆಡಿದವರಿಗೆ ಮರೆತುಹೋಗುತ್ತದೆ. ಕೇಳಿದ ಮಗುವಿಗೆ ಮರೆಯುವುದಿಲ್ಲ.