ಶ್ವಾಸನಳಿಕೆಯನ್ನು ಹೊರದೆಗೆಯುವ ಕಾಲವಿಚಾರ

ಔಷಧದ ಆವಿಯನ್ನು ಉಸಿರಿನೊಡನೆ ಕೊಟ್ಟು ಶಸ್ತ್ರಚಿಕಿತ್ಸೆಗೊಳಗಾಗುವವನ ಅರಿವನ್ನು ಅಳಿಸುವ ಕ್ರಮವು, 1846ರಲ್ಲಿ ಬಾಸ್ಟನ್ ನಗರದಲ್ಲಿ ಮಾರ್ಟನ್ನರು ಈಥರನ್ನು ಬಹಿರಂಗವಾಗಿ ಪ್ರಯೋಗಿಸಿ ತೋರಿಸಿದಂದಿನಿಂದ ಲೋಕದಲ್ಲಿ ಹಬ್ಬಿತು. ಅರಿವಳಿದವನ ನಾಲಗೆಯು ಹಿಂದಕ್ಕೆ ಸರಿದು ಉಸಿರಿನ ದಾರಿಯನ್ನು ಮುಚ್ಚುವುದುಂಟು. ಆದುದರಿಂದ ಧ್ವನಿತಂತುಗಳ ನಡುವೆ ಹಾಯ್ದು ಶ್ವಾಸನಾಳವನ್ನು ಸೇರುವ ನಳಿಕೆಯನ್ನಾಗಲಿ, ಧ್ವನಿಪೆಟ್ಟಿಗೆಯ ಬಾಯಿಯ ಮೇಲೆ ಕುಳಿತುಕೊಳ್ಳುವ ಮುಸುಕನ್ನಾಗಲಿ ಇರಿಸುವರು. ಈ ಎರಡನೆಯ ಸಾಧನವನ್ನು ಇಂಗ್ಲೆಂಡಿನಲ್ಲಿ ಆರ್ಚಿ ಬ್ರೈನ್ ಎಂಬ ವೈದ್ಯರು 1981ರಲ್ಲಿ ಕಲ್ಪಿಸಿದರು. ಇವನ್ನು ಇಡುವ ಕೌಶಲವನ್ನು ಎಲ್ಲರೂ ಕೊಂಡಾಡುವರು. ತೆಗೆಯುವ ಕಾಲವನ್ನು ಗೊತ್ತುಮಾಡುವುದು ಅದಕ್ಕಿಂತ ಸುಲಭವೇನೂ ಅಲ್ಲ.

ಕಾರಣವು ಅರಿವಳಿಕೆಯ ಅವಸ್ಥಾಭೇದದಲ್ಲಿದೆ. ಅಮೆರಿಕದ ಆರ್ಥರ್ ಗುಡೆಲ್ಲರು ಕಣ್ಣಿನ ಚಲನೆ, ಉಸಿರಾಟದ ರೀತಿ ಮೊದಲಾದ ಗುರುತುಗಳಿಂದ ಈಥರಿನ ಪರಿಣಾಮವನ್ನು ನಾಲ್ಕು ಅವಸ್ಥೆಗಳಾಗಿ ವಿಂಗಡಿಸಿ, 1937ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮೊದಲನೆಯದರಲ್ಲಿ ನೋವು ಮಂಕಾಗುವುದು, ಅರಿವು ಉಳಿದಿರುವುದು. ಎರಡನೆಯದರಲ್ಲಿ ಅರಿವು ಹೋಗಿದ್ದರೂ ಶರೀರವು ಕ್ಷೋಭೆಗೊಂಡಿರುವುದು. ಮೂರನೆಯದು ಶಸ್ತ್ರಕರ್ಮಕ್ಕೆ ತಕ್ಕ ಆಳ. ನಾಲ್ಕನೆಯದು ಮರಣದ ನೆರೆ. ವೇದಾಂತವನ್ನು ಓದಿದವರಿಗೆ ಇಂಥ ವಿಂಗಡಣೆಯು ತೀರ ಹೊಸದೆನಿಸದು: ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ಮೂರ್ಛೆಯು ಜಾಗ್ರತ್ತು, ಸ್ವಪ್ನ, ಸುಷುಪ್ತಿ, ಮರಣ ಇವುಗಳಲ್ಲಿ ಯಾವುದಕ್ಕೂ ಪೂರ್ತಿಯಾಗಿ ಸೇರದೆಂಬ ವಿಚಾರವಿದೆ. ಆದರೆ ಅಲ್ಲಿಯ ಉದ್ದೇಶವೇ ಬೇರೆ. ಈಗಿನ ವೈದ್ಯವನ್ನು ಸೂತ್ರಗಳೊಳಗೆ ಹುಡುಕತೊಡಗುವುದು ವ್ಯರ್ಥಶ್ರಮ.

ಮೂರನೆಯ ಅವಸ್ಥೆಯಿಂದ ಎಚ್ಚರಕ್ಕೆ ಮರಳುವವನು ಎರಡನೆಯದನ್ನು ದಾಟಿಯೇ ಬರಬೇಕು. ಆಗ ಗಂಟಲಿನ ಪ್ರತಿಕ್ರಿಯೆಗಳು ಮರಳಿರುವುವು, ಅವನ್ನು ಆಳುವ ಅರಿವು ಮಾತ್ರ ಮರಳಿರದು. ಆ ಹೊತ್ತಿನಲ್ಲಿ ನಳಿಕೆಯನ್ನು ಎಳೆದರೆ, ಅಥವಾ ಒಂದು ತೊಟ್ಟು ರಕ್ತವೋ ಜೊಲ್ಲೋ ಧ್ವನಿತಂತುಗಳನ್ನು ತಾಕಿದರೆ, ಅವು ಬಿಗಿಯಾಗಿ ಮುಚ್ಚಿಕೊಳ್ಳಬಹುದು. ಎದೆ ಏದುತ್ತಿದ್ದರೂ ಗಾಳಿ ಒಳಹೋಗದು. ರಕ್ತದ ಆಮ್ಲಜನಕವು ಬೇಗನೆ ಇಳಿಯುವುದು. ಮಕ್ಕಳಲ್ಲಿ, ವಿಶೇಷವಾಗಿ ನೆಗಡಿಯಾದವರಲ್ಲಿಯೂ ಗಂಟಲಿನ ಶಸ್ತ್ರಚಿಕಿತ್ಸೆಯಾದವರಲ್ಲಿಯೂ, ಈ ಭಯವು ಹೆಚ್ಚು. ಆಗ ದವಡೆಯನ್ನು ಮುಂದಕ್ಕೆತ್ತಿ, ಶುದ್ಧ ಆಮ್ಲಜನಕವನ್ನು ಒತ್ತಡದಿಂದ ಕೊಡುವರು; ಬಿಗಿ ಸಡಿಲದಿದ್ದರೆ ಅರಿವಳಿಕೆಯನ್ನು ಮತ್ತೆ ಆಳಗೊಳಿಸುವ ಅಥವಾ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ರಕ್ತನಾಳಕ್ಕೆ ಹಾಕುವರು.

ಆಳವನ್ನು ಅಳೆಯುವುದೆಂತು? ಈಥರಿನ ಗುರುತುಗಳು ಈಗಿನ ಸೆವೊಫ್ಲುರೇನಿಗೆ ಚೆನ್ನಾಗಿ ಒಪ್ಪವು. 1960ರ ದಶಕದಲ್ಲಿ ಎಡ್ಮಂಡ್ ಈಗರರೂ ಅವರ ಸಂಗಡಿಗರೂ 'ಮ್ಯಾಕ್' ಎಂಬ ಮಾನವನ್ನು ಬಳಕೆಗೆ ತಂದರು. ಚರ್ಮವನ್ನು ಕೊಯ್ದಾಗ ನೂರರಲ್ಲಿ ಐವತ್ತು ಮಂದಿ ಮೈಯಲುಗಿಸದಿರಲು ಶ್ವಾಸಕೋಶದ ಗಾಳಿಯಲ್ಲಿ ಇರಬೇಕಾದ ಆವಿಯ ಪ್ರಮಾಣವೇ ಅದು. ಸೆವೊಫ್ಲುರೇನಿಗೆ ಇದು ನಡುವಯಸ್ಸಿನವರಲ್ಲಿ ನೂರಕ್ಕೆ ಸುಮಾರು 2; ಶಿಶುಗಳಲ್ಲಿ ಹೆಚ್ಚು, ಮುದುಕರಲ್ಲಿ ಕಡಿಮೆ. ಅದರ ಮೂರನೆಯ ಒಂದು ಪಾಲಿಗೆ ಇಳಿದಾಗ ಸುಮಾರು ಅರ್ಧ ಮಂದಿ ಕರೆಗೆ ಓಗೊಡುವರು. ಇಲ್ಲಿ ಎಚ್ಚರವಿರತಕ್ಕದ್ದು: 'ಅರ್ಧ ಮಂದಿ' ಎಂಬ ಲೆಕ್ಕವು ಔಷಧಗಳ ಬಲವನ್ನು ಹೋಲಿಸಲು ಸಾಕು, ಒಬ್ಬ ರೋಗಿಯ ಗಂಟಲಿನಿಂದ ನಳಿಕೆಯನ್ನು ತೆಗೆಯಲು ಸಾಲದು. ಆದುದರಿಂದ ನೂರರಲ್ಲಿ ತೊಂಬತ್ತೈದು ಮಂದಿ ಕೆಮ್ಮದೆ ಸಹಿಸುವ ಪ್ರಮಾಣವನ್ನು ಸಂಶೋಧಕರು ಹುಡುಕುವರು; ಆಳದಲ್ಲಿ ತೆಗೆಯುವವರು ಸಾಮಾನ್ಯವಾಗಿ ಒಂದು ಮ್ಯಾಕಿಗಿಂತ ಕೆಳಗಿಳಿಯರು. ಇದಲ್ಲದೆ, ಆವಿಯನ್ನು ತಗ್ಗಿಸಿದೊಡನೆ ಉಸಿರಿನಲ್ಲಿ ಕಾಣುವ ಅಂಕವು ಬೇಗ ಇಳಿಯುವುದು, ಮಿದುಳಿನಲ್ಲಿರುವುದು ತಡವಾಗಿ ಇಳಿಯುವುದು. ಅಂಕವನ್ನು ಕೆಲವು ನಿಮಿಷಗಳ ಕಾಲ ಸ್ಥಿರವಾಗಿ ನಿಲ್ಲಿಸದೆ ನಂಬಲಾಗದು.

ಪೂರ್ತಿ ಎಚ್ಚರವಾದ ಮೇಲೆ ತೆಗೆಯುವುದು ಇನ್ನೊಂದು ದಾರಿ. ಹೊಟ್ಟೆ ತುಂಬಿರುವವರಿಗೂ, ನಳಿಕೆಯನ್ನು ಮತ್ತೆ ಇಡುವುದು ಕಷ್ಟವೆಂದು ತೋರಿದವರಿಗೂ ಇದೇ ಯೋಗ್ಯ. ಆಳದಲ್ಲಿ ತೆಗೆದಲ್ಲಿ ಕೆಮ್ಮು ಕಡಿಮೆ, ನಾಲಗೆ ಬಿದ್ದು ದಾರಿ ಕಟ್ಟುವುದು ಹೆಚ್ಚು. ಹಾಗೆ ತೆಗೆಸಿಕೊಂಡವನು ಎರಡನೆಯ ಅವಸ್ಥೆಯನ್ನು ಇನ್ನೂ ದಾಟಬೇಕಾಗಿರುವುದು, ಅದೂ ನಳಿಕೆಯ ಆಸರೆಯಿಲ್ಲದೆ. ಆದುದರಿಂದ ಗಂಟಲನ್ನು ಮೊದಲೇ ಶುಚಿಮಾಡಿ, ಮಗುವನ್ನು ಮಗ್ಗುಲಾಗಿ ಮಲಗಿಸಿ, ತಾನಾಗಿ ಕಣ್ತೆರೆಯುವವರೆಗೆ ಮುಟ್ಟದೆ ಕದಲಿಸದೆ ಬಳಿಯಲ್ಲಿದ್ದು ಕಾಯುವರು.