ಅಂಜೂರದ ಕಡ್ಡಿ: ಚಿಗುರು ಮೊದಲು, ಬೇರು ಆಮೇಲೆ

ನರಸಾಪುರದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ, ಹತ್ತಿರದಲ್ಲೇ ಬಾಡಿಗೆ ಮನೆ, ತಾರಸಿಯ ಮೇಲೆ ನಾಲ್ಕಾರು ಕುಂಡ. ಊರಿಗೆ ಹೋದಾಗ ನೆಂಟರ ಹಿತ್ತಲಿನಿಂದ ಅಂಜೂರದ ಕಡ್ಡಿ ಮುರಿದು ತಂದು ನೆಟ್ಟರಂತೆ. ಎರಡು ವಾರದೊಳಗೆ ಚಿಗುರೊಡೆದು ಅಂಗೈಯಗಲದ ಎಲೆ ಬಂತು. ಮನೆಮಂದಿಯೆಲ್ಲ ಹಿಗ್ಗಿದರು. ಆಮೇಲೆ ಎಲೆ ಜೋತುಬಿತ್ತು. ನೀರು ಸಾಲದೇನೋ ಎಂದು ಬೆಳಗ್ಗೆ ಸಂಜೆ ಹೊಯ್ದರು. ಕೊನೆಗೆ ಕಿತ್ತು ನೋಡಿದರೆ ಬುಡ ಕಪ್ಪಗೆ ಕೊಳೆತಿದೆ, ಹೆಸರಿಗೂ ಒಂದು ಬೇರಿಲ್ಲ. ‘ಬೇರೇ ಇಲ್ಲದೆ ಎಲೆ ಹೇಗೆ ಬಂತು ಸಾರ್? ನಮ್ಮಪ್ಪ ಹೊಲದಲ್ಲಿ ರೇಷ್ಮೆ ಕಡ್ಡಿ ಚುಚ್ಚಿ ಬಂದರೆ ಸಾಕು, ತಾನೇ ಹತ್ತಿಕೊಳ್ಳುತ್ತೆ. ಇದಕ್ಕೆ ಅಂಗಡಿಯ ಪುಡಿ ಏನಾದರೂ ಹಚ್ಚಬೇಕಾ?’ ಎಂದು ಕೇಳಿದ್ದಾರೆ.

ಪುಡಿ ಬೇಡ, ದುಡ್ಡೂ ಬೇಡ. ಆದರೆ ಅವರ ಮೊದಲ ಪ್ರಶ್ನೆ ಇದೆಯಲ್ಲ, ಬೇರಿಲ್ಲದೆ ಎಲೆ ಹೇಗೆ ಬಂತು ಅನ್ನುವುದು, ಅದಕ್ಕೆ ಉತ್ತರ ಗೊತ್ತಾದರೆ ಮಿಕ್ಕಿದ್ದೆಲ್ಲ ಸಲೀಸು.

ಎಲೆ ಬರುವುದಕ್ಕೆ ಬೇರು ಬೇಕಾಗಿಲ್ಲ. ಅಂಜೂರದ ಗೆಣ್ಣಿನಲ್ಲಿರುವ ಮೊಗ್ಗಿನೊಳಗೆ ಎಳೆಯ ಎಲೆಗಳು ಮೊದಲೇ ರೂಪುಗೊಂಡು ಮಡಿಸಿ ಕೂತಿರುತ್ತವೆ. ಅವು ಬಿಚ್ಚಿಕೊಳ್ಳಲು ಬೇಕಾದ ಆಹಾರವೂ ಕಡ್ಡಿಯಲ್ಲೇ ಪಿಷ್ಟವಾಗಿ ಕೂಡಿಟ್ಟಿರುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಕಳೆದ ವರ್ಷ ಬೆಳೆದ, ಬೂದುಬಣ್ಣಕ್ಕೆ ತಿರುಗಿ ಬಲಿತ ಕೊಂಬೆಯ ತುಂಡೊಂದನ್ನು, ಅದೇ ಗಿಡದ ಹಸಿರು ತುದಿಯ ತುಂಡೊಂದನ್ನು ಅಡ್ಡಕ್ಕೆ ಕೊಯ್ಯಿರಿ. ಹಾಲು ಒರೆಸಿ, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ಎರಡರ ಮೇಲೂ ಒಂದೊಂದು ಹನಿ ಬಿಡಿ. ಪಿಷ್ಟ ಇದ್ದಲ್ಲೆಲ್ಲ ಅಯೋಡಿನ್ ಕಡುನೀಲಿಯಾಗುತ್ತದೆ. ಬಲಿತ ತುಂಡಿನ ಕಟ್ಟಿಗೆಯಲ್ಲಿ ನಡುವಿನಿಂದ ಅಂಚಿನವರೆಗೆ ಕಪ್ಪುಗೆರೆಗಳು ಮೂಡುತ್ತವೆ. ಹಸಿರು ತುದಿಯಲ್ಲಿ ಅಷ್ಟು ಗಾಢ ಬಣ್ಣ ಕಾಣುವುದಿಲ್ಲ. ನಾಟಿಗೆ ಎಳೆ ತುದಿ ಬೇಡ, ಪೆನ್ಸಿಲಿನಿಂದ ಹೆಬ್ಬೆರಳಿನವರೆಗಿನ ದಪ್ಪದ ಬಲಿತ ಕಡ್ಡಿಯೇ ಬೇಕು ಎಂದು ತೋಟದವರು ಹೇಳುವುದು ಈ ಬುತ್ತಿಯ ಸಲುವಾಗಿ.

ಎಲೆ ಬುತ್ತಿ ತಿಂದು ಬಂದದ್ದು. ಬೇರಿನ ಕಥೆ ಬೇರೆ. ಅದು ಕಡ್ಡಿಯಲ್ಲಿ ಸಿದ್ಧವಾಗಿ ಕೂತಿಲ್ಲ, ಹೊಸದಾಗಿ ಹುಟ್ಟಬೇಕು. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಜೀವಕೋಶಗಳು ತಮ್ಮ ಹಳೆಯ ಕಸುಬು ಬಿಟ್ಟು, ವಿಭಜನೆಗೊಂಡು, ಬೇರಿನ ತುದಿಯಾಗಿ ಮಾರ್ಪಟ್ಟು, ತೊಗಟೆಯನ್ನು ಸೀಳಿಕೊಂಡು ಹೊರಬರಬೇಕು. ಅಂಜೂರದಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಮೇಲಿನ ಎಲೆ ತನ್ನ ರಂಧ್ರಗಳಿಂದ ನೀರನ್ನು ಗಾಳಿಗೆ ಬಿಡುತ್ತಲೇ ಇರುತ್ತದೆ. ಕೆಳಗೆ ನೀರೆಳೆದುಕೊಳ್ಳುವವರು ಯಾರೂ ಇಲ್ಲ. ನರಸಾಪುರದ ತಾರಸಿಯ ಮೇಲೆ ಎಲೆ ಜೋತುಬಿದ್ದದ್ದು ಹೀಗೆ. ಮಣ್ಣಿನಲ್ಲಿ ನೀರು ಬೇಕಾದಷ್ಟಿತ್ತು, ಕುಡಿಯುವ ಬಾಯಿ ಇರಲಿಲ್ಲ. ಅದರ ಮೇಲೆ ಇನ್ನಷ್ಟು ನೀರು ಹೊಯ್ದಾಗ ಮಣ್ಣಿನ ಸಂದುಗಳಲ್ಲಿದ್ದ ಗಾಳಿಯೂ ಹೊರಹೋಯಿತು. ಬೇರಾಗಲು ಹೊರಟ ಕೋಶಗಳು ಉಸಿರುಕಟ್ಟಿ ಸತ್ತವು, ಸತ್ತದ್ದರ ಮೇಲೆ ಬೂಷ್ಟು ಬಂತು. ಮನೆಯಲ್ಲಿ ನೆಟ್ಟ ಅಂಜೂರದ ಕಡ್ಡಿಗಳು ಒಣಗಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ.

ಹಾಗಾದರೆ ಅಪ್ಪನ ರೇಷ್ಮೆ ಕಡ್ಡಿಗೆ ಯಾಕೆ ಈ ತಾಪತ್ರಯವಿಲ್ಲ? ಹಿಪ್ಪುನೇರಳೆಯೂ ಅಂಜೂರವೂ ಒಂದೇ ಕುಟುಂಬದವು, ಹಲಸು ಕೂಡ ಅದೇ ಮನೆತನ. ಮೂರಕ್ಕೂ ಬಿಳಿ ಹಾಲು ಬರುವುದನ್ನು ನೋಡಿದ್ದೀರಿ. ಆದರೆ ಹಿಪ್ಪುನೇರಳೆಯ ಗೆಣ್ಣಿನ ಬಳಿ ತೊಗಟೆಯೊಳಗೆ ಬೇರಿನ ಅಂಕುರಗಳು ಕಡ್ಡಿ ಗಿಡದಲ್ಲಿರುವಾಗಲೇ ಹುಟ್ಟಿಕೊಂಡಿರುತ್ತವೆ. ಇನ್ನೊಂದು ಕಾರಣ ನೆಲ. ಮುಂಗಾರಿನಲ್ಲಿ ಕೋಲಾರದ ಕೆಮ್ಮಣ್ಣಿನ ಹೊಲದಲ್ಲಿ ಹೆಚ್ಚಾದ ನೀರು ಆಳಕ್ಕೆ ಇಳಿದುಹೋಗುತ್ತದೆ. ಕುಂಡದಲ್ಲಿ ಹಾಗಲ್ಲ. ತಳದಲ್ಲಿ ತೂತಿದ್ದರೂ ಕೆಳಗಿನ ಒಂದೆರಡು ಬೆರಳಿನಷ್ಟು ಮಣ್ಣು ನೀರನ್ನು ಬಿಗಿಹಿಡಿದು ಜವುಗಾಗಿಯೇ ಉಳಿಯುತ್ತದೆ. ಕುಂಡ ಗಿಡ್ಡವಾದಷ್ಟೂ ಕಡ್ಡಿಯ ಬುಡ ಆ ಜವುಗಿನೊಳಗೇ ಕೂರುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆಂದು ಎಲ್ಲರೂ ನಂಬಿದ್ದಾರೆ. ಜಲ್ಲಿ ಹಾಕಿದರೆ ಆ ಜವುಗು ಪದರ ಇನ್ನೂ ಮೇಲಕ್ಕೆ ಏರುತ್ತದೆ, ಅಷ್ಟೇ. ಬೇಕಾದದ್ದು ಎತ್ತರದ ಪಾತ್ರೆ, ಮೇಲಿಂದ ಕೆಳಗಿನವರೆಗೂ ಒಂದೇ ಬಗೆಯ ಸಡಿಲ ಮಿಶ್ರಣ.

ಇನ್ನು ಪುಡಿಯ ವಿಚಾರ. ಇದರ ಹಿಂದಿರುವ ವಿಜ್ಞಾನ ನನಗೆ ಬಲು ಪ್ರಿಯವಾದದ್ದು, ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಹರ್ಮನ್ ಫೋಖ್ಟಿಂಗ್ ಎಂಬ ಜರ್ಮನ್ ಸಸ್ಯವಿಜ್ಞಾನಿ ವಿಲ್ಲೋ ಮರದ ಕಡ್ಡಿಗಳನ್ನು ತುಂಡು ಮಾಡಿ, ತೇವದ ಗಾಳಿಯಿದ್ದ ಕತ್ತಲ ಜಾಡಿಗಳಲ್ಲಿ ನೇತುಹಾಕಿದ. ಕೆಲವನ್ನು ನೆಟ್ಟಗೆ, ಕೆಲವನ್ನು ತಲೆಕೆಳಗಾಗಿ. ನೆಟ್ಟಗಿದ್ದವುಗಳ ಕೆಳತುದಿಯಲ್ಲಿ ಬೇರು, ಮೇಲ್ತುದಿಯಲ್ಲಿ ಚಿಗುರು ಬಂತು. ತಲೆಕೆಳಗಾಗಿ ತೂಗಿದವುಗಳಲ್ಲಿ ಬೇರು ಬಂದದ್ದು ಮೇಲಿನ ತುದಿಯಲ್ಲಿ! ಮರದಲ್ಲಿದ್ದಾಗ ಯಾವುದು ಬುಡದ ಕಡೆಯಾಗಿತ್ತೋ ಆ ತುದಿಯಲ್ಲೇ ಬೇರು, ಅದು ಈಗ ಆಕಾಶ ನೋಡುತ್ತಿದ್ದರೂ ಸರಿ. ಉದ್ದದ ತುಂಡನ್ನು ಎರಡಾಗಿ ಕಡಿದರೂ ಪ್ರತಿಯೊಂದು ತುಂಡಿಗೂ ತನ್ನ ಬುಡ ಯಾವುದು, ತಲೆ ಯಾವುದು ಎಂಬುದು ಗೊತ್ತು. ಈ ಪ್ರಯೋಗಗಳನ್ನು ಆತ 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕಾರಣ ಸ್ಪಷ್ಟವಾಗಲು ಮತ್ತೆ ಎಷ್ಟೋ ದಶಕ ಕಾಯಬೇಕಾಯಿತು. ಮೊಗ್ಗು ಮತ್ತು ಎಳೆಯ ಎಲೆಗಳಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗುತ್ತದೆ, ಕೋಶದಿಂದ ಕೋಶಕ್ಕೆ ದಾಟುತ್ತಾ ಕೆಳಗಿಳಿಯುತ್ತದೆ. ಅದನ್ನು ಕೋಶದಿಂದ ಆಚೆಗೆ ಬಿಡುವ ಪ್ರೋಟೀನುಗಳು ಕೋಶದ ಸುತ್ತಲೂ ಇರುವುದಿಲ್ಲ, ಬುಡದ ಕಡೆಯ ಮುಖದಲ್ಲಿ ಮಾತ್ರ ಸಾಲುಗಟ್ಟಿರುತ್ತವೆ. ಹಾಗಾಗಿ ಆಕ್ಸಿನ್ ಸಾಗುವುದು ಒಂದೇ ದಿಕ್ಕಿಗೆ. ಕಡ್ಡಿಯನ್ನು ಕತ್ತರಿಸಿದಾಗ ಮುಂದಕ್ಕೆ ದಾರಿ ಕಾಣದೆ ಬುಡದ ಗಾಯದ ಬಳಿ ಅದು ಶೇಖರವಾಗುತ್ತದೆ. ಅಲ್ಲಿನ ಕೋಶಗಳಿಗೆ ಬೇರಾಗುವ ಅಪ್ಪಣೆ ಸಿಗುವುದು ಹೀಗೆ.

ಅಂಗಡಿಯ ಪುಡಿ ಎಂದರೆ ಟಾಲ್ಕ್‌ನಲ್ಲಿ ಕಲಸಿದ ಇಂಡೋಲ್ ಬ್ಯುಟಿರಿಕ್ ಆಮ್ಲ. ಆಕ್ಸಿನ್ ಕೆಲಸವನ್ನೇ ಮಾಡುವ ಇದರ ಗುಣ 1935ರ ಹೊತ್ತಿಗೆ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯಲ್ಲಿ ಗೊತ್ತಾಯಿತು. ಹಟಮಾರಿ ಗಿಡಗಳಿಗೆ ಅದು ವರದಾನವೇ. ಅಂಜೂರ ಹಟಮಾರಿಯಲ್ಲ, ತನಗೆ ಬೇಕಾದ ಆಕ್ಸಿನನ್ನು ತನ್ನ ಮೊಗ್ಗಿನಲ್ಲೇ ಮಾಡಿಕೊಳ್ಳುತ್ತದೆ. ನಮ್ಮ ಪಾಲಿನ ಕೆಲಸ ಒಂದೇ, ಕಡ್ಡಿಯನ್ನು ತಲೆಕೆಳಗಾಗಿ ನೆಡದಿರುವುದು. ಕತ್ತರಿಸುವಾಗಲೇ ಬುಡವನ್ನು ಗೆಣ್ಣಿನ ಕೆಳಗೆ ನೇರವಾಗಿ, ತಲೆಯನ್ನು ಮೊಗ್ಗಿನ ಮೇಲೆ ಓರೆಯಾಗಿ ಕೊಯ್ದರೆ ಗೊಂದಲವೇ ಇಲ್ಲ.

ಇಷ್ಟು ತಿಳಿದ ಮೇಲೆ, ಮೊಬೈಲಿನಲ್ಲಿ ಹರಿದಾಡುವ ಆ ವಿಡಿಯೊಗಳ ಬಗ್ಗೆ ಸುಮ್ಮನಿರಲು ನನ್ನಿಂದ ಆಗದು. ಆಲೂಗಡ್ಡೆಗೆ ಕಡ್ಡಿ ಚುಚ್ಚಿ ಹೂಳಿದರೆ ಬೇರು ಬರುತ್ತದಂತೆ! ಮಾಲೂರು ಸೀಮೆಯಲ್ಲಿ ಆಲೂಗಡ್ಡೆ ಬೆಳೆಯುವ ರೈತರನ್ನು ಕೇಳಿ, ಗಾಯವಾದ ಗಡ್ಡೆ ಒದ್ದೆ ಮಣ್ಣಿನಲ್ಲಿ ಎಷ್ಟು ದಿನ ಬಾಳುತ್ತದೆ ಎಂದು. ಗಡ್ಡೆಯ ಪಿಷ್ಟವನ್ನು ಹೀರಿಕೊಳ್ಳುವ ದಾರಿ ಕಡ್ಡಿಗಿಲ್ಲ. ಗಡ್ಡೆ ಕೊಳೆತು ಆ ಕೊಳೆ ಕಡ್ಡಿಗೆ ಹತ್ತುತ್ತದೆ. ಜೇನುತುಪ್ಪದಲ್ಲಿ ಅದ್ದುವುದರಿಂದಲೂ ಬೇರು ಹುಟ್ಟುವುದಿಲ್ಲ. ಎಳನೀರಿನಲ್ಲಿ ಹೆಸರಾಗಿರುವುದು ಸೈಟೊಕೈನಿನ್ ಎಂಬ ಹಾರ್ಮೋನು, ಅದು ಚಿಗುರಿನ ಪಕ್ಷಪಾತಿ. ಜೊತೆಗಿರುವ ಸಕ್ಕರೆ ಬೂಷ್ಟಿಗೆ ಹಬ್ಬ. ಎಳನೀರನ್ನು ಮಕ್ಕಳಿಗೆ ಕುಡಿಸಿ.

ಬೈಯಬೇಕಾದ ಇನ್ನೊಂದಿದೆ. ಹಾಲು ಸುರಿಸುವ ಗಿಡ ಮನೆಯ ಮುಂದಿದ್ದರೆ ಕೇಡು ಎಂದು ವಾಸ್ತು ಹೇಳುವವರು ಹೆದರಿಸುತ್ತಾರೆ. ಚೆನ್ನಾಗಿ ಬೆಳೆದ ಅಂಜೂರದ ಗಿಡವನ್ನು ಈ ಮಾತಿಗೆ ಕಡಿದು ಹಾಕಿದವರನ್ನು ನಾನು ಕಂಡಿದ್ದೇನೆ, ಸಂಕಟವಾಗುತ್ತದೆ. ಆ ಹಾಲು ಗಿಡದ ರಕ್ಷಣೆಗೆ ಇರುವುದು, ಕೀಟ ಕಚ್ಚಿದರೆ ಅದರ ಬಾಯಿಗೆ ಅಂಟಲಿ ಎಂದು. ಮನುಷ್ಯರಿಗೆ ಇರುವ ಅಪಾಯ ಬೇರೆ, ನಿಜವಾದದ್ದು: ಅಂಜೂರದ ಹಾಲು ಮೈಗೆ ತಾಗಿ, ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳಬಹುದು. ಕಡ್ಡಿ ಕೊಯ್ದ ಕೂಡಲೇ ಕೈಯನ್ನು ಸೋಪು ಹಾಕಿ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಈಗ ಖರ್ಚಿಲ್ಲದ ನಾಟಿ. ಒಂದು ಗೇಣಿನಷ್ಟು ಉದ್ದದ, ನಾಲ್ಕೈದು ಗೆಣ್ಣಿರುವ ಕಡ್ಡಿ ಆರಿಸಿ. ಎಲೆ, ಕಾಯಿ ಇದ್ದರೆ ತೆಗೆಯಿರಿ. ಹಾಲು ಆರಲು ಒಂದು ದಿನ ನೆರಳಲ್ಲಿಡಿ. ಒಂದು ಲೀಟರಿನ ನೀರಿನ ಬಾಟಲಿಯ ಭುಜ ಕತ್ತರಿಸಿ, ತಳಕ್ಕೂ ಅದರ ಪಕ್ಕಕ್ಕೂ ಕಾದ ಮೊಳೆಯಿಂದ ತೂತು ಮಾಡಿ. ತುಂಬಲು ತೊಳೆದ ತೆಂಗಿನ ನಾರಿನ ಪುಡಿ ಅರ್ಧ, ಇಟ್ಟಿಗೆ ಚೂರು ಅರ್ಧ. ಮಾಲೂರಿನ ಸುತ್ತ ಇಟ್ಟಿಗೆ ಗೂಡುಗಳಿಗೇನು ಬರ? ಒಡೆದ ಇಟ್ಟಿಗೆಯನ್ನು ಜೋಳದ ಕಾಳಿನ ಗಾತ್ರಕ್ಕೆ ಕುಟ್ಟಿ, ಜರಡಿ ಹಿಡಿದು ದೂಳು ತೆಗೆದರಾಯಿತು. ಅದು ಒಳಗೆ ನೀರು ಹಿಡಿದುಕೊಂಡು ಹೊರಗೆ ಗಾಳಿಗೆ ಜಾಗ ಬಿಡುತ್ತದೆ. ಮಿಶ್ರಣ ಎಷ್ಟು ಒದ್ದೆಯಿರಬೇಕೆಂದರೆ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕಬೇಕು, ಧಾರೆಯಾಗಿ ಇಳಿಯಬಾರದು. ಮೇಲಿನ ಒಂದು ಗೆಣ್ಣು ಮಾತ್ರ ಹೊರಗಿರುವಂತೆ ಕಡ್ಡಿ ಊರಿ, ತೆಳು ಪ್ಲಾಸ್ಟಿಕ್ ಕವರನ್ನು ಸಡಿಲವಾಗಿ ಮುಸುಕು ಹಾಕಿ. ಎಲೆ ಬಂದಾಗ ಅದು ನೀರು ಕಳೆದುಕೊಳ್ಳದಂತೆ ಕಾಯುವುದು ಈ ಮುಸುಕೇ. ಬಾಟಲಿಗೆ ಸುತ್ತ ಹಳೇ ಪೇಪರು ಸುತ್ತಿ, ಬೇರಿಗೆ ಕತ್ತಲೆ ಬೇಕು. ಆಮೇಲೆ ನೀರಿನ ಚೊಂಬನ್ನು ದೂರವಿಡಿ. ಬಾಟಲಿ ಎತ್ತಿದಾಗ ಹಗುರವೆನಿಸಿದರೆ ಮಾತ್ರ ಒಂದಿಷ್ಟು ಚಿಮುಕಿಸಿ.

ಇಷ್ಟೂ ಬೇಡ ಅನ್ನುವವರಿಗೆ ಒದ್ದೆ ಪೇಪರಿನ ಉಪಾಯವಿದೆ. ಹಿಂಡಿದ ಒದ್ದೆ ಪೇಪರಿನಲ್ಲಿ ಕಡ್ಡಿಗಳನ್ನು ಸುತ್ತಿ, ತೊಳೆದ ಹಾಲಿನ ಕವರಿಗೆ ತುರುಕಿ, ಅಡುಗೆಮನೆಯ ಬೆಚ್ಚಗಿನ ಅಟ್ಟದ ಮೇಲಿಡಿ. ವಾರಕ್ಕೊಮ್ಮೆ ಬಿಚ್ಚಿ ನೋಡಿ. ಇಲ್ಲಿ ಒಂದು ಮೋಸವಿದೆ. ಮೊದಲಿಗೆ ತೊಗಟೆಯ ಮೇಲೆ ಅಲ್ಲಲ್ಲಿ ಬಿಳಿ ಬೊಕ್ಕೆಗಳು ಏಳುತ್ತವೆ, ಹುಡಿಹುಡಿಯಾಗಿ ಮೆತ್ತಗಿರುತ್ತವೆ. ಅವನ್ನು ಬೇರೆಂದು ಸಂಭ್ರಮಿಸುವವರೇ ಹೆಚ್ಚು. ಅವು ತೊಗಟೆಯ ಉಸಿರಾಟದ ರಂಧ್ರಗಳು, ತೇವ ಅತಿಯಾಗಿ ಊದಿಕೊಂಡಿರುವುದು. ಪೇಪರು ಸ್ವಲ್ಪ ಆರಲಿ ಎಂದು ಕಡ್ಡಿ ಹೇಳುತ್ತಿದೆ ಎಂದುಕೊಳ್ಳಿ. ನಿಜವಾದ ಬೇರು ಹೆಚ್ಚಾಗಿ ಗೆಣ್ಣಿನ ಸುತ್ತ, ಬುಡದ ಗಾಯದ ಬಳಿ ಬರುತ್ತದೆ. ನುಣುಪಾದ, ಚೂಪಾದ, ಮುಟ್ಟಿದರೆ ಪಟಕ್ಕನೆ ಮುರಿಯುವ ಬಿಳಿ ತುದಿ ಅದು. ಕಂಡ ಕೂಡಲೇ ಬಾಟಲಿಗೆ ಇಳಿಸಿ, ಮಿಶ್ರಣವನ್ನು ಒತ್ತಿ ಗಟ್ಟಿಮಾಡಬೇಡಿ.

ಕಾಲ ಯಾವುದು? ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕ ಬೇಡ, ಥರ್ಮಾಮೀಟರಿನ ಲೆಕ್ಕ ಸಾಕು. ಬೇರು ಹುಟ್ಟಲು ಬುಡದ ಬಳಿ 22ರಿಂದ 26 ಡಿಗ್ರಿ ಹಿತ. ಗಿಡ ಸವರುವ ಚಳಿಗಾಲದ ದಿನಗಳಲ್ಲಿ ಬಲಿತ ಕಡ್ಡಿ ಪುಕ್ಕಟೆ ಸಿಗುತ್ತದೆ, ಆದರೆ ಕೋಲಾರದ ಜನವರಿ ರಾತ್ರಿ ತಣ್ಣಗೆ. ಬಾಟಲಿಗಳನ್ನು ಮನೆಯೊಳಗೆ, ಹಗಲು ಬಿಸಿಲು ಬಿದ್ದು ಕಾಯುವ ಗೋಡೆಗೆ ಒತ್ತಿ ಇಡಿ. ನೇರ ಬಿಸಿಲು ಮುಸುಕಿನ ಮೇಲೆ ಬೀಳಬಾರದು, ಒಳಗೆ ಬೆಂದುಹೋಗುತ್ತದೆ.

ಬೀಜ ಹಾಕಿದರೆ ಆಗದೇ ಎಂದು ಕೇಳುವವರಿಗೂ ಎರಡು ಮಾತು. ನಮ್ಮಲ್ಲಿ ಬೆಳೆಯುವ ಪುಣೆ, ದಿನಕರ್ ಮುಂತಾದ ತಳಿಗಳು ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುತ್ತವೆ. ಹಲ್ಲಿಗೆ ಸಿಗುವ ಆ ಕಾಳುಗಳು ಪೊಳ್ಳು. ಅಂಗಡಿಯ ಟರ್ಕಿ ಒಣ ಅಂಜೂರದ ಬೀಜ ಮೊಳೆಯಬಹುದು, ಆದರೆ ಅದರಲ್ಲಿ ಸುಮಾರು ಅರ್ಧ ತಿನ್ನಲು ಬಾರದ ಗಂಡು ಗಿಡಗಳಾಗುತ್ತವೆ. ಉಳಿದವುಗಳಲ್ಲಿ ಹಲವಕ್ಕೆ ಒಂದು ವಿಶೇಷ ಕಣಜ ಬೇಕು, ಅದು ನಮ್ಮ ಕಡೆ ಇಲ್ಲ. ಹೀಗಾಗಿ ಈ ಬೀಜವಿಲ್ಲದ ಅಂಜೂರ ಭೂಮಿಯ ಮೇಲೆ ಉಳಿದುಬಂದಿರುವುದೇ ಕಡ್ಡಿಯಿಂದ ಕಡ್ಡಿಗೆ, ಕೈಯಿಂದ ಕೈಗೆ. ಜೋರ್ಡನ್ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸುಮಾರು 11,400 ವರ್ಷ ಹಳೆಯ, ಸುಟ್ಟು ಕರಕಾದ ಅಂಜೂರಗಳು ಸಿಕ್ಕಿವೆ, ಒಳಗೆ ಫಲಿತ ಬೀಜವಿಲ್ಲ. ಗೋಧಿ ಬಾರ್ಲಿಯ ಬೇಸಾಯಕ್ಕಿಂತ ಸಾವಿರ ವರ್ಷ ಮೊದಲೇ ಯಾರೋ ಕಡ್ಡಿ ನೆಟ್ಟಿದ್ದರು ಎಂದು 2006ರಲ್ಲಿ ಸಂಶೋಧಕರು ವಾದಿಸಿದರು. ಕಾಡಿನ ಹೆಣ್ಣು ಮರಗಳಲ್ಲೂ ಇಂಥ ಕಾಯಿ ಬರಬಹುದೆಂದು ಆಕ್ಷೇಪ ಎತ್ತಿದವರೂ ಇದ್ದಾರೆ. ನನ್ನ ಮನಸ್ಸಂತೂ ನೆಟ್ಟವರ ಕಡೆಗೇ ವಾಲುತ್ತದೆ.

ನರಸಾಪುರದವರಿಗೆ ಕೊನೆಯದಾಗಿ: ಬಾಟಲಿಯ ಪೇಪರು ಸರಿಸಿದಾಗ ನಾಲ್ಕೂ ಕಡೆ ಬೇರು ಕಂಡರೆ, ಮುಸುಕನ್ನು ಒಂದೇ ದಿನ ಕಿತ್ತೊಗೆಯದೆ ದಿನಕ್ಕಿಷ್ಟು ಹೊತ್ತು ತೆರೆಯುತ್ತಾ ಬನ್ನಿ. ಬೇರಿಗೆ ಮುಂಚೆ ಪುಟ್ಟ ಕಾಯಿಗಳು ಮೂಡಿದರೆ ಚಿವುಟಿ ಹಾಕಿ, ಅವು ಬುತ್ತಿ ಖಾಲಿ ಮಾಡುತ್ತವೆ. ಕಡ್ಡಿ ಫಲ ಕೊಡುತ್ತಿದ್ದ ಮರದ್ದಾದ್ದರಿಂದ ಬಾಲ್ಯ ಕಳೆಯುವವರೆಗೆ ಕಾಯಬೇಕಾಗಿಲ್ಲ, ದೊಡ್ಡ ಕುಂಡಕ್ಕೆ ಬದಲಾಯಿಸಿ ಬಿಸಿಲಲ್ಲಿಟ್ಟರೆ ಎರಡನೆಯ ವರ್ಷ ಹಣ್ಣು ನಿರೀಕ್ಷಿಸಬಹುದು. ಅಷ್ಟರೊಳಗೆ ಒಂದು ಹಳೇ ಸೊಳ್ಳೆ ಪರದೆ ಹೊಂದಿಸಿಡಿ, ಹಣ್ಣು ಮೆತ್ತಗಾಗುವುದು ಪಿಕಳಾರಗಳಿಗೆ ನಮಗಿಂತ ಮೊದಲೇ ತಿಳಿಯುತ್ತದೆ.