ಒಬ್ಬನೇ ಒಡೆಯನ ಊರು

ಕೆಜಿಎಫ್ ಎಂಬ ಮೂರಕ್ಷರ ಈಗ ಮಕ್ಕಳ ಬಾಯಲ್ಲೂ ಇದೆ, ಊರಿನ ಹೆಸರಾಗಿ ಅಲ್ಲ, ಸಿನಿಮಾದ ಹೆಸರಾಗಿ. ಆ ಸಿನಿಮಾಕ್ಕೆ ಹೆಸರು ಸಾಲ ಕೊಟ್ಟ ಕೋಲಾರ ಚಿನ್ನದ ಗಣಿಯ ಊರು ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. ಬಂಗಾರಪೇಟೆಯಲ್ಲಿ ಕವಲೊಡೆಯುವ ರೈಲುದಾರಿ ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ಪುಟ್ಟ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಕನ್ನಡಿಗರು ತಿರುಪತಿಗೆ, ಧರ್ಮಸ್ಥಳಕ್ಕೆ ಹೋಗಿಬರುತ್ತಾರೆ, ಈ ಊರಿಗೆ ಹೋಗುವುದು ಅಪರೂಪ. ಹೋದವರೂ ಚಿನ್ನ ಎಲ್ಲಿ ಎಂದು ಹುಡುಕಿ, ತುಕ್ಕು ಹಿಡಿದ ಕಬ್ಬಿಣದ ಗೋಪುರಗಳನ್ನೂ ಬೂದುಬಣ್ಣದ ಗುಡ್ಡಗಳನ್ನೂ ನೋಡಿ ಮುಖ ಸಣ್ಣದು ಮಾಡಿಕೊಂಡು ಮರಳುತ್ತಾರೆ. ಅಲ್ಲಿ ನೋಡಬೇಕಾದದ್ದು ಚಿನ್ನವಲ್ಲ ಎಂಬುದು ನನ್ನ ವಾದ. ಮನೆ, ನೀರು, ದೀಪ, ಆಸ್ಪತ್ರೆ, ಮೋಜು ಎಲ್ಲವೂ ಒಬ್ಬನೇ ಒಡೆಯನ ಲೆಕ್ಕದ ಪುಸ್ತಕದಲ್ಲಿದ್ದರೆ ಒಂದು ಊರು ಹೇಗೆ ಬೆಳೆಯುತ್ತದೆ, ಆ ಪುಸ್ತಕ ಮುಚ್ಚಿದ ದಿನ ಅದರ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಇನ್ನೊಂದಿಲ್ಲ. ಮಗ್ಗದ ಸದ್ದಿನ ಮೇಲೆಯೇ ಬದುಕುವ ಊರಿನವರಿಗಂತೂ ಅದು ಬೇರೆಯವರ ಕಥೆಯಲ್ಲ.

ಕಥೆಯ ಆರಂಭ ಎಲ್ಲ ಚಿನ್ನದ ಊರುಗಳದ್ದೂ ಒಂದೇ ತೆರ. 1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಜಾನ್ ವಾರೆನ್ ಎಂಬ ಅಧಿಕಾರಿ, ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ನೋಡಿ ಬರೆದಿಟ್ಟ. ಏಳು ದಶಕಗಳ ಮೇಲೆ ಆ ಬರಹ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲಾವೆಲ್ ಎಂಬ ನಿವೃತ್ತ ಸೈನಿಕನ ಕೈಗೆ ಸಿಕ್ಕಿತು. ಅವನು ಎತ್ತಿನ ಗಾಡಿಯಲ್ಲಿ ಬಂದು ನೆಲ ಪರೀಕ್ಷಿಸಿದ, 1875ರಲ್ಲಿ ಸರ್ಕಾರದಿಂದ ಇಪ್ಪತ್ತು ವರ್ಷದ ಗುತ್ತಿಗೆ ಪಡೆದ. ಆದರೆ ಗಟ್ಟಿ ಬಂಡೆಯೊಳಗಿನ ಚಿನ್ನ ತೆಗೆಯಲು ಬೇಕಾದ ಹಣ ಅವನಲ್ಲಿರಲಿಲ್ಲ, ಕೆಲವೇ ವರ್ಷಗಳಲ್ಲಿ ಹಕ್ಕು ಬೇರೆಯವರ ಪಾಲಾಯಿತು. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು, ಮುಂದಿನ ಮುಕ್ಕಾಲು ಶತಮಾನ ಆ ಸಂಸ್ಥೆಯೇ ಊರಿಗೆ ದೊರೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಗಣಿ ಕಂಪನಿಗಳ ಹೆಸರು ಹಲವು, ಆಡಳಿತದ ಕೈ ಮಾತ್ರ ಒಂದೇ. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ತಮಿಳರು, ತೆಲುಗರು. ಅವರಲ್ಲೂ ಬಹುಪಾಲು ದಲಿತರು. ಕನ್ನಡನಾಡಿನ ನಡುವೆ ತಮಿಳು ಮಾತಾಡುವ ಊರೊಂದು ಎದ್ದಿತು. ಗಡಹಿಂಗ್ಲಜದ ಸಂತೆಯಲ್ಲಿ ಒಂದೇ ಉಸಿರಿಗೆ ಮರಾಠಿ, ಕನ್ನಡ ಎರಡನ್ನೂ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಡೆತನದ ಹರಹು ಎಷ್ಟಿತ್ತೆಂದು ತಿಳಿಯಲು ಕರೆಂಟಿನ ಕಥೆ ಸಾಕು. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿ, ಸುಮಾರು 148 ಕಿಲೋಮೀಟರ್ ತಂತಿ ಎಳೆದು ಗಣಿಗೆ ಮುಟ್ಟಿಸಿದ್ದು 1902ರಲ್ಲಿ. ಆಗಿನ ಕಾಲಕ್ಕೆ ಅಷ್ಟು ದೂರದ ವಿದ್ಯುತ್ ಮಾರ್ಗ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಸಂಸ್ಥಾನದ ಖಜಾನೆಗೆ ಗಣಿಯ ರಾಜಧನ ಅಷ್ಟು ಮುಖ್ಯವಾಗಿತ್ತು. ಕುಡಿಯುವ ನೀರು ಪಾಲಾರ್ ಹೊಳೆಯ ಬೇತಮಂಗಲದ ಕೆರೆಯಿಂದ ಬಂತು. ಅದೇ ವರ್ಷಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಒಣ ನೆಲದಲ್ಲೂ ಇಂಥದೇ ಸಾಹಸ ನಡೆದಿತ್ತು. ಪ್ಯಾಡಿ ಹ್ಯಾನನ್‌ಗೆ 1893ರಲ್ಲಿ ಚಿನ್ನ ಸಿಕ್ಕಿದ ಕಾಲ್ಗೂರ್ಲಿಗೆ ಐನೂರು ಕಿಲೋಮೀಟರಿಗೂ ದೂರದಿಂದ ಕೊಳವೆಯಲ್ಲಿ ನೀರು ಹರಿದದ್ದು 1903ರಲ್ಲಿ. ಆ ಯೋಜನೆಯ ಎಂಜಿನಿಯರ್ ಸಿ. ವೈ. ಓಕಾನರ್ ಟೀಕೆಯ ಭಾರ ತಾಳದೆ ಹಿಂದಿನ ವರ್ಷವೇ ಪ್ರಾಣ ಕಳೆದುಕೊಂಡಿದ್ದ. ಎರಡು ಊರುಗಳೂ ತಮ್ಮ ನೆಲದಲ್ಲಿ ಇಲ್ಲದ್ದನ್ನು ದೂರದಿಂದ ತಂದುಕೊಂಡು ಬದುಕಿದವು. ಒಂದು ವ್ಯತ್ಯಾಸವುಂಟು: ಕಾಲ್ಗೂರ್ಲಿಗೆ ಸರ್ಕಾರ ಹಾಕಿದ ಕೊಳವೆ ಗಣಿಯ ಜೊತೆಗೆ ದಾರಿಯ ಊರುಗಳಿಗೂ ಹೊಲಗಳಿಗೂ ನೀರುಣಿಸಿತು. ಕೋಲಾರದಲ್ಲಿ ತಂತಿಯೂ ನೀರೂ ಮೊದಲು ಗಣಿಗೆ, ಊರಿಗೆ ಆಮೇಲೆ.

ನೆಲದ ಕೆಳಗೆ ಏನಿತ್ತು ಎಂಬುದನ್ನು ಮೇಲಿಂದ ನೋಡುವವರು ಊಹಿಸುವುದು ಕಷ್ಟ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು, ಅದು ಪ್ರಪಂಚದ ಅತಿ ಆಳದ ಗಣಿಗಳಲ್ಲೊಂದು. ಕಾರ್ಮಿಕರು ಕೇಜಿನಲ್ಲಿ ಒತ್ತೊತ್ತಾಗಿ ನಿಂತು ಇಳಿಯುತ್ತಿದ್ದರು, ಒಂದು ಶಾಫ್ಟಿನಿಂದ ಇನ್ನೊಂದಕ್ಕೆ ದಾಟಿ ಮತ್ತೆ ಇಳಿಯಬೇಕಿತ್ತು. ತಳದ ಬಂಡೆ ಕೈ ಇಡಲಾಗದಷ್ಟು ಬಿಸಿ. ಮೇಲಿನಿಂದ ತಣ್ಣನೆಯ ಗಾಳಿ ತಳ್ಳದಿದ್ದರೆ ಕೆಲಸವೇ ಸಾಗುತ್ತಿರಲಿಲ್ಲ. ಒತ್ತಡ ತಾಳದೆ ಬಂಡೆ ಹಠಾತ್ತನೆ ಸಿಡಿಯುವುದು ಇಲ್ಲಿಯ ನಿತ್ಯದ ಭಯ. ಸುರಂಗದಲ್ಲಿ ಜನ ಸಾಯುತ್ತಿದ್ದರು, ಮೇಲಿನ ಕಾಲೊನಿಗಳಲ್ಲಿ ಪಾತ್ರೆ ಪಡಗ ಅಲುಗುತ್ತಿದ್ದವು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ರೋಗವನ್ನು ಭಾರತದಲ್ಲಿ ಮೊದಲು ದಾಖಲಿಸಿದ್ದೂ ಇಲ್ಲಿಯ ಕಾರ್ಮಿಕರಲ್ಲೇ, 1940ರ ದಶಕದಲ್ಲಿ. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕಾರ್ಮಿಕರಿಗೆ 'ಲೈನು'ಗಳೆಂಬ ಒಂದಕ್ಕೊಂದು ಅಂಟಿದ ಪುಟ್ಟ ಗೂಡುಗಳು. ಅವರು ತಲೆಬಗ್ಗಿಸಿ ಕೂತವರೂ ಅಲ್ಲ. ಪ್ರತಿಯೊಬ್ಬರ ಬೆರಳಚ್ಚು ಪಡೆಯಲು ಕಂಪನಿ ಹೊರಟಾಗ, 1930ರಲ್ಲಿ, ಕೆಲಸ ನಿಲ್ಲಿಸಿ ಆ ಕ್ರಮವನ್ನು ಹಿಂದಕ್ಕೆ ತೆಗೆಸಿದರು. ಇದೇ ಆಳದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ಪತ್ತೆಮಾಡಿದ್ದು ಈ ಗಣಿಯೊಳಗೇ. ಚಿನ್ನ ಬಗೆಯಲು ತೋಡಿದ ಬಾವಿ ವಿಜ್ಞಾನಕ್ಕೂ ಒದಗಿತು. ಗಣಿ ಬಿದ್ದಾಗ ಅದಕ್ಕೂ ಜಾಗ ಇಲ್ಲವಾಯಿತು.

1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯ ಹೆಸರಿಗೆ. ಒಡೆಯ ಬದಲಾದ, ಒಬ್ಬನೇ ಒಡೆಯ ಎಂಬುದು ಬದಲಾಗಲಿಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಊರಿನ ಜನ ಮರುದಿನದಿಂದ ಬೆಂಗಳೂರಿನ ರೈಲು ಹತ್ತತೊಡಗಿದರು. ಇಂದಿಗೂ ಬೆಳಗಿನ ರೈಲುಗಳು ಕೂಲಿಗೆ, ಕಚೇರಿಗೆ, ಕಾರ್ಖಾನೆಗೆ ಹೋಗುವವರಿಂದ ತುಂಬಿರುತ್ತವೆ. ಇಲ್ಲಿ ಯಾರಾದರೂ ಕೇಳಬಹುದು: ಚಿನ್ನ ಮುಗಿಯಿತು, ಊರು ಮುಗಿಯಿತು, ಇದರಲ್ಲಿ ಒಡೆತನದ ತಪ್ಪೇನು? ಮಾತಿನಲ್ಲಿ ಸತ್ಯಾಂಶವಿದೆ. ಮೊದಲ ದಶಕಗಳಲ್ಲಿ ಟನ್ನು ಅದಿರಿಗೆ ನಲವತ್ತು ಗ್ರಾಂ ದಾಟುತ್ತಿದ್ದ ಚಿನ್ನ ಕೊನೆಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು, ಆಳ ಹೆಚ್ಚಿದಷ್ಟೂ ಖರ್ಚು ಏರಿತ್ತು. ಆದರೆ ಚಿನ್ನ ಮುಗಿಯುವುದಕ್ಕೂ ಊರು ಮುಗಿಯುವುದಕ್ಕೂ ನೇರ ಸಂಬಂಧವಿದ್ದಿದ್ದರೆ ಎಲ್ಲೆಡೆ ಒಂದೇ ಫಲ ಕಾಣಬೇಕಿತ್ತು. ಆಸ್ಟ್ರೇಲಿಯಾದ ಗ್ವಾಲಿಯಾ ಒಂದೇ ಗಣಿಯ ಊರು. ಮುಂದೆ ಅಮೆರಿಕದ ಅಧ್ಯಕ್ಷನಾದ ಹರ್ಬರ್ಟ್ ಹೂವರ್ 1898ರಲ್ಲಿ ಅಲ್ಲಿಯ ಮ್ಯಾನೇಜರ್ ಆಗಿದ್ದ. 1963ರ ಕೊನೆಗೆ ಗಣಿ ನಿಂತಿತು, ಕೆಲವೇ ವಾರಗಳಲ್ಲಿ ಸಾವಿರಕ್ಕೂ ಹೆಚ್ಚಿನ ಜನ ಮನೆ ಬಿಟ್ಟು ನಡೆದರು. ಕಾಲ್ಗೂರ್ಲಿಯೂ ಎಷ್ಟೋ ಏರಿಳಿತ ಕಂಡಿತು, ಆದರೆ ಹತ್ತಾರು ಕಂಪನಿ, ಅಂಗಡಿ, ಪೇಟೆ, ರೈಲು, ಸರ್ಕಾರಿ ನೀರು ಇದ್ದದ್ದರಿಂದ ಉಳಿಯಿತು, ಇಂದಿಗೂ ಅಲ್ಲಿ ಚಿನ್ನ ತೆಗೆಯುತ್ತಾರೆ. ಎರಡೂ ಚಿನ್ನದ ಊರುಗಳೇ. ಸೋತಾಗ ನಿಲ್ಲಲು ಎರಡನೆಯ ಕಾಲು ಇದ್ದದ್ದು ಒಂದಕ್ಕೆ ಮಾತ್ರ.

ಇದನ್ನು ಪರೀಕ್ಷಿಸಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1906ರಲ್ಲಿ ಶುರುಮಾಡಿದ ಶಾಹೂ ಮಿಲ್ಲು ಒಂದೇ ಛಾವಣಿಯ ಸಂಸ್ಥೆ. ಅದು 2003ರಲ್ಲಿ ಬಾಗಿಲು ಹಾಕಿತು, ಕೋಲಾರ ಮುಚ್ಚಿದ ಎರಡು ವರ್ಷಕ್ಕೆ. ಇಚಲಕರಂಜಿಯ ದಾರಿ ಬೇರೆ. ಘೋರ್ಪಡೆ ಜಹಗೀರುದಾರರ ಆಸರೆಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ್ ಹಾಕಿದ ಮೊದಲ ಪವರ್‌ಲೂಮಿನಿಂದ ಬೆಳೆದದ್ದು ಒಂದು ಮಿಲ್ಲಲ್ಲ, ಸಾವಿರಾರು ಶೆಡ್ಡು. ನಾಲ್ಕು ಮಗ್ಗದವ, ಎಂಟು ಮಗ್ಗದವ, ನೂಲು ಕೊಡುವ ವ್ಯಾಪಾರಿ, ಸೈಜಿಂಗಿನವ, ಬೀಮು ಹೊರುವವ ಎಲ್ಲ ಬೇರೆ ಬೇರೆ ಜನ. ನೂಲಿನ ದರ ಏರಿದಾಗ, ಕರೆಂಟಿನ ಬಿಲ್ಲು ಬಂದಾಗ ನೂರಾರು ಶೆಡ್ಡುಗಳು ಸ್ತಬ್ಧವಾಗಿವೆ, ಮಗ್ಗ ಗುಜರಿಗೆ ಹೋಗಿವೆ. ಆದರೂ ಒಂದೇ ದಿನ, ಒಂದೇ ಸಹಿಯಿಂದ ಇಚಲಕರಂಜಿಗೆ ಬೀಗ ಜಡಿಯುವುದು ಯಾರಿಂದಲೂ ಆಗುವ ಕೆಲಸವಲ್ಲ.

ಈ ಮಾತಿಗೆ ಗಟ್ಟಿಯಾದ ಆಕ್ಷೇಪ ಇದೆ, ಅದನ್ನು ಹೇಳದೆ ಮುಂದೆ ಹೋಗುವುದು ಮೋಸ. ಒಡೆತನ ಚದುರಿದ್ದರಿಂದ ಮಗ್ಗದ ಮೇಲೆ ನಿಂತವನಿಗೆ ಏನು ದಕ್ಕಿತು? 52 ಪಿಕ್ಕಿನ ಬಟ್ಟೆಗೆ ಮೀಟರಿಗೆ ಎಷ್ಟು ಪೈಸೆ ಎಂಬುದರ ಮೇಲೆ ಅವನ ಬದುಕು ನಿಂತಿದೆ. ಪೈಸೆ ಏರಿಸಲು ಮುಷ್ಕರ ಹೂಡಿದರೆ, ಮಾತಾಡಲು ಎದುರಿಗೆ ಒಬ್ಬ ಮಾಲೀಕನೂ ಇರುವುದಿಲ್ಲ. ಕಲಬುರ್ಗಿ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ದುಡಿಯುವವರಿಗೆ ಭವಿಷ್ಯನಿಧಿ, ಆಸ್ಪತ್ರೆ ಎಂಬವು ಕೇಳಿದ ಮಾತುಗಳಷ್ಟೇ. ಕೋಲಾರದ ಕಂಪನಿ ಕ್ರೂರವಾಗಿದ್ದರೂ ಆಸ್ಪತ್ರೆ ಕಟ್ಟಿತ್ತು, ಬೆರಳಚ್ಚು ಬೇಡವೆಂದಾಗ ಕೇಳಬೇಕಾದ ಕಿವಿ ಒಂದೇ ಆಗಿತ್ತು. ಇದನ್ನು ಒಪ್ಪಲೇಬೇಕು. ಆದರೆ ಆಸ್ಪತ್ರೆ, ಮನೆ, ನೀರು ಒಡೆಯನಿಂದಲೇ ಬರಬೇಕೆಂದು ಯಾರು ಹೇಳಿದರು? ಅವು ಊರಿನಿಂದ, ಸರ್ಕಾರದಿಂದ, ಕಾರ್ಮಿಕರ ಸಂಘದಿಂದ ಬಂದಿದ್ದರೆ ಗಣಿ ಮುಚ್ಚಿದ ದಿನ ಅವೂ ಮುಚ್ಚುತ್ತಿರಲಿಲ್ಲ. ಗಡಹಿಂಗ್ಲಜದ ಕಡೆ ಕಬ್ಬು ಬೆಳೆಯುವವರೇ ಸದಸ್ಯರಾಗಿರುವ ಸಹಕಾರಿ ಸಕ್ಕರೆ ಕಾರ್ಖಾನೆಯೂ ಇಂಥದೊಂದು ನಡುದಾರಿಯ ಪ್ರಯತ್ನ. ಅಂಥ ಕಾರ್ಖಾನೆಗಳ ರಾಜಕೀಯ ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಅವುಗಳನ್ನು ಮುಚ್ಚಬೇಕಾದರೆ ಊರವರ ಮುಖ ನೋಡಲೇಬೇಕಾಗುತ್ತದೆ.

ಹೋಗಿ ನೋಡುವವರಿಗೆ ಈಗ ಸಿಗುವುದು ಅಷ್ಟಿಷ್ಟು. ಶಾಫ್ಟಿನ ಮೇಲಿನ ಉಕ್ಕಿನ ಗೋಪುರಗಳು, ರಾಬರ್ಟ್‌ಸನ್‌ಪೇಟೆ ಮತ್ತು ಆಂಡರ್ಸನ್‌ಪೇಟೆಯ ಸಂತೆಬೀದಿಗಳು, ಹಳೆಯ ಇಗರ್ಜಿಗಳು, ಕ್ಲಬ್ಬಿನ ಕಟ್ಟಡ, ಲೈನುಗಳ ಓಣಿಗಳು. ಗಣಿಯೊಳಗೆ ನೀರು ತುಂಬಿದೆ, ಇಳಿಯುವ ಮಾತಿಲ್ಲ. ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ ಹಳೆಯ ಗಣಿಯೊಳಕ್ಕೇ ಪ್ರವಾಸಿಗಳನ್ನು ಇಳಿಸಿ ತೋರಿಸುತ್ತಾರೆ, ಬಲರಾಟ್‌ನಲ್ಲಿ ಚಿನ್ನದ ಕಾಲದ ಊರನ್ನೇ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಇಲ್ಲಿ ಅಂಥದ್ದು ಬೇಕೇ ಎಂದು ಕೇಳಿದರೆ, ಜನ ವಾಸವಿರುವ ಓಣಿಯನ್ನು ತಮಾಷೆಯ ವಸ್ತು ಮಾಡುವುದು ಸಲ್ಲದು ಎನ್ನುವವರಿದ್ದಾರೆ. ಅದು ಸರಿಯೇ. ಆದರೆ ಗೋಪುರಗಳು ಗುಜರಿಗೆ ಹೋಗುವ ಮುನ್ನ ಒಂದೆರಡನ್ನಾದರೂ ಉಳಿಸಿ, ಹಳೆಯ ಗಣಿ ಕಾರ್ಮಿಕರೇ ನಡೆಸುವ ವಸ್ತುಸಂಗ್ರಹಾಲಯ ಮಾಡಿದರೆ ಯಾರ ಮಾನವೂ ಹೋಗುವುದಿಲ್ಲ, ಕೆಲವರಿಗೆ ಕೂಲಿಯೂ ಸಿಕ್ಕೀತು. ಊರ ತುಂಬ ಹರಡಿರುವ ಬೂದುಬಣ್ಣದ ಸಯನೈಡ್ ಗುಡ್ಡಗಳಂತೂ ಎಲ್ಲಿ ನಿಂತರೂ ಕಾಣುತ್ತವೆ. ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಅದು. ಬೇಸಿಗೆಯ ಗಾಳಿಗೆ ಅದರ ಧೂಳು ಎದ್ದು ಮನೆಯೊಳಗೆ ಬಂದು ಅನ್ನದ ತಟ್ಟೆಯ ಮೇಲೂ ಕೂರುತ್ತದೆ. ಅದರಲ್ಲಿ ಇನ್ನೂ ಒಂದಿಷ್ಟು ಚಿನ್ನ ಉಳಿದಿದೆ. 13 ಗುಡ್ಡಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಕೆಲಸ ಯಾರ ಹೆಸರಿಗೆ ಹೋಗುತ್ತದೆ, ಇಷ್ಟು ವರ್ಷ ಅದರ ಧೂಳು ಕುಡಿದ ಓಣಿಗಳಿಗೆ ಅದರಲ್ಲಿ ಪಾಲು ಬರೆಯುತ್ತಾರೋ ಇಲ್ಲವೋ ಎಂಬುದನ್ನು ಇಚಲಕರಂಜಿಯವರೂ ಗಮನವಿಟ್ಟು ನೋಡಬೇಕು.